ಹದಿಮೂರನೆಯ ಸಿಂಹ

ಗ್ರನಾಡಾ,
ಗುರುವಾರ, ಮಾರ್ಚ್ ೧೪, ೨೦೧೯

ಪ್ರೀತಿಯ ಎವಾರಿಸ್ತೊ,

‘ಪ್ರೀತಿಯ’ ಎಂದು ಬರೆದಿರುವುದನ್ನು ನೋಡಿ ಹಿಗ್ಗಬೇಡ. ಬೇರೆ ಪದಗಳೂ ಹೊಳೆದವು, ಆದರೆ ಮೊದಲ ಸಾಲಿನಲ್ಲೇ ಅವನ್ನು ಬರೆದರೆ ನೀನು ಮುಂದಕ್ಕೆ ಓದುವುದಿಲ್ಲ. ಕೆಮ್ಮು ಹೇಗಿದೆ? ಬೆಲ್ಜಿಯಂನಿಂದ ನೀನು ತಂದಿರುವ ಆಸ್ತಿ ಅದೊಂದೇ ಎಂದು ನಿನ್ನ ತಂಗಿ ಕಾಸಿಲ್ದಾ ಹೇಳಿದಳು. ಮೊತ್ರಿಲ್‌ನ ಸಮುದ್ರದ ಗಾಳಿಗೆ ಇಷ್ಟು ಹೊತ್ತಿಗೆ ಕಡಿಮೆಯಾಗಿರಬೇಕು. ಬಿಸಿ ಹಾಲಿಗೆ ಜೇನುತುಪ್ಪ ಹಾಕಿಕೊಂಡು ಕುಡಿ. ಅದನ್ನೂ ತಂಗಿಯ ಕೈಲಿ ಮಾಡಿಸಿಕೊಳ್ಳಬೇಡ, ಎದ್ದು ನೀನೇ ಮಾಡಿಕೋ, ಒಲೆ ಯಾರನ್ನೂ ಕಚ್ಚುವುದಿಲ್ಲ. ಮೊಣಕಾಲು ನೋವು ಇದೆಯೇ? ನಿದ್ದೆ ಬರುತ್ತಿದೆಯೇ? ನಿನ್ನ ಮೀಸೆಯ ಕ್ಷೇಮಸಮಾಚಾರವನ್ನು ಆಮೇಲೆ ವಿಚಾರಿಸುತ್ತೇನೆ. ನಾನು ಚೆನ್ನಾಗಿದ್ದೇನೆ. ಬೆಟ್ಟದ ಮೇಲೆ ಇನ್ನೂ ಹಿಮ ಇದೆ, ಬೆಳಿಗ್ಗೆ ಗಾಳಿ ಮುಖಕ್ಕೆ ಹೊಡೆಯುತ್ತದೆ, ಆದರೂ ದಿನಾ ಹತ್ತಿ ಇಳಿದು ನನ್ನ ಕಾಲು ಹುಡುಗಿಯ ಕಾಲಿನಂತಾಗಿದೆ. ಕಾಸಿಲ್ದಾ ಬಸ್ಸಿನಲ್ಲಿ ಕಳಿಸಿದ ಸೀತಾಫಲದ ಬುಟ್ಟಿ ತಲುಪಿತು. ಅರ್ಧ ನಾನು ತಿಂದೆ, ಅರ್ಧ ಹೆನಾರೊ ತಿಂದ. ಅದೇ ಹೆನಾರೊ, ನಿನ್ನ ಹಳೇ ಗೆಳೆಯ, ಇಟಲಿಯವರ ಗುಂಪುಗಳಿಗೆ ಈಗಲೂ ಅವನೇ ಗೈಡು. ನಿನ್ನನ್ನು ಕೇಳಿದ ಎಂದು ಬರೆದರೆ ಸುಳ್ಳಾಗುತ್ತದೆ.

ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಾಳಲ್ಲ ಎಂದು ನೀನು ಹುಬ್ಬು ಏರಿಸಿರಬಹುದು. ಫೋನಿನಲ್ಲಿ ನಾವಿಬ್ಬರು ಮಾತಾಡಿದರೆ ಮಾತಾಡುವುದು ನೀನೊಬ್ಬನೇ. ನಾನು ‘ಹಲೋ’ ಎನ್ನುವಷ್ಟರಲ್ಲಿ ನೀನು ಯಾವುದೋ ಸುಲ್ತಾನನ ಕಾಲಕ್ಕೆ ಹೋಗಿ ಕೂತಿರುತ್ತೀಯ. ಕಾಗದದಲ್ಲಿ ಆ ಕಾಟ ಇಲ್ಲ. ನೀನು ಎಷ್ಟೇ ಬಾಯಿ ಹಾಕಿದರೂ ಮುಂದಿನ ಸಾಲು ನನ್ನದೇ.

ಭಾನುವಾರ ಕಾಸಿಲ್ದಾ ಫೋನ್ ಮಾಡಿದ್ದಳು. ಒಳ್ಳೆಯ ಹೆಂಗಸು, ನಿನ್ನ ತಂಗಿಯಾಗಿ ಹುಟ್ಟಿದ್ದು ಅವಳ ತಪ್ಪಲ್ಲ. “ಅತ್ತಿಗೆ, ಅಣ್ಣ ಸೊರಗಿ ಕಡ್ಡಿಯಾಗಿದಾನೆ ಕಣೇ. ಆ ಬೆಲ್ಜಿಯಂ ಹೆಂಗಸು ಇವನನ್ನ ಮನೆಯಿಂದ ಆಚೆ ಹಾಕಿದಾಳೆ. ಕಿಟಕಿ ಹತ್ರ ಕೂತು ಅಳ್ತಾನೆ” ಎಂದಳು. ಅಲ್ಲಿಯವರೆಗೆ ನಾನು ಸುಮ್ಮನೆ ಕೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಖುಷಿಯಿಂದಲೇ ಕೇಳುತ್ತಿದ್ದೆ, ಬೇಕಾದರೆ ಇನ್ನೂ ಸ್ವಲ್ಪ ಅಳಲಿ ಎಂದುಕೊಂಡೆ. ಆಮೇಲೆ ಅವಳು ನಿಜವಾದ ವಿಷಯಕ್ಕೆ ಬಂದಳು. “ಈಸ್ಟರ್ ಮುಂಚಿನ ಪವಿತ್ರ ವಾರಕ್ಕೆ ಮನೆಗೆ ಬರ್ತಾನಂತೆ. ಗೈಡ್ ಕೆಲಸ ಮತ್ತೆ ತಾನೇ ನೋಡ್ಕೋತಾನಂತೆ. ನೀನು ಮೊದಲಿನ ಹಾಗೆ ಆರಾಮಾಗಿ ಅಂಗಡೀಲಿ ಕೂತ್ಕೋಬಹುದಂತೆ. ಪಾಪ, ಅವಳಿಗೂ ಸುಸ್ತಾಗಿರತ್ತೆ ಅಂದ.” ಆ ‘ಪಾಪ’ ಎನ್ನುವ ಮಾತಿಗೆ ನನ್ನ ಮೈಯೆಲ್ಲ ಉರಿಯಿತು, ಎವಾರಿಸ್ತೊ. ಮೂರು ವರ್ಷ ಸತ್ತೆಯೋ ಇದ್ದೆಯೋ ಎಂದು ಒಂದು ಸಾಲು ಬರೆಯದವನು, ಈಗ ನನ್ನ ಸುಸ್ತಿನ ಬಗ್ಗೆ ಚಿಂತೆ ಮಾಡುತ್ತಿದ್ದೀಯ. ಯೋಚನೆ ಮಾಡಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಈ ಕಾಗದ ಆ ಯೋಚನೆಯ ಫಲ.

ಮೊದಲು ಅಂಗಡಿಯ ಮಾತು. ಗೊಮೆರೆಸ್ ಏರಿನ ಅಂಗಡಿ ಈಗ ನಮ್ಮದಲ್ಲ. ಫ್ರಿಜ್ಜಿಗೆ ಅಂಟಿಸುವ ಬೊಂಬೆ ಮಾರುವವರು ಅಲ್ಲಿದ್ದಾರೆ. ಚಿತ್ತಾರದ ಮರದ ಪೆಟ್ಟಿಗೆಗಳ ಹಿಂದೆ, ಆ ಎತ್ತರದ ಸ್ಟೂಲಿನ ಮೇಲೆ, ಇನ್ನು ನಾನು ಕೂರುವುದಿಲ್ಲ. ನೀನು ಆ ಸ್ಟೂಲನ್ನು ನನಗೆ ಏನು ಮಾಡಿಟ್ಟಿದ್ದೆ ಎಂಬುದು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ದಿನಾ ಬೆಳಿಗ್ಗೆ ಅಲ್ಹಂಬ್ರಾ ಅರಮನೆಯ ನ್ಯಾಯದ ಬಾಗಿಲ ಮುಂದೆ ನಿಂತು, ಕಮಾನಿನ ಮೇಲೆ ಕೆತ್ತಿದ ಕೈಯನ್ನೂ ಒಳಗಿನ ಕಮಾನಿನ ಬೀಗದ ಕೈಯನ್ನೂ ತೋರಿಸಿ, “ಆ ಕೈ ಈ ಬೀಗದ ಕೈಯನ್ನ ಹಿಡಿದ ದಿವಸ ಈ ಅರಮನೆ ಬಿದ್ದುಹೋಗತ್ತಂತೆ. ನಂಬ್ತೀರೋ ಇಲ್ವೋ, ನನ್ನ ಹೆಂಡ್ತಿ ಮದುವೆ ದಿನಾನೇ ನನ್ನ ಬೀರುವಿನ ಕೀ ಹಿಡ್ಕೊಂಡ್ಳು, ಅವತ್ತೇ ನನ್ನ ಅರಮನೆ ಬಿತ್ತು” ಎನ್ನುತ್ತಿದ್ದೆ. ಜನ ನಗುತ್ತಿದ್ದರು. ಸಿಂಹಗಳ ಅಂಗಳಕ್ಕೆ ಬಂದ ಮೇಲೆ ನಿನ್ನ ದೊಡ್ಡ ಪಟಾಕಿ. “ಇಲ್ಲಿ ಹನ್ನೆರಡು ಸಿಂಹ ಇದೆ, ಬಾಯಲ್ಲಿ ಒಂದೇ ಸಮ ನೀರು. ಹದಿಮೂರನೇದು ನಮ್ಮನೇಲಿದೆ, ಬಾಯಲ್ಲಿ ಒಂದೇ ಸಮ ಬೈಗುಳ. ಇಳೀವಾಗ ಎಡಗಡೆ ಪೆಟ್ಟಿಗೆ ಅಂಗಡೀಲಿ ಕೂತಿರತ್ತೆ, ನೋಡ್ಕೊಂಡು ಹೋಗಿ, ಟಿಕೆಟ್ ಇಲ್ಲ.”

ಅವರು ನೋಡಿಕೊಂಡು ಹೋಗುತ್ತಿದ್ದರು. ದಿನಾ. ಬಾಗಿಲಲ್ಲಿ ಗುಂಪಾಗಿ ನಿಂತು ಇಣುಕುತ್ತಿದ್ದರು, ಪಿಸುಗುಟ್ಟುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ನಾನು ನಗುತ್ತಿದ್ದೆ. ನಗದೆ ಮುಖ ಗಂಟಿಕ್ಕಿದರೆ ನೀನು ಹೇಳಿದ್ದು ನಿಜ ಎಂದಾಗುತ್ತಿತ್ತಲ್ಲ. ಯಾವ ಊರಿನ ಯಾರ ಮನೆಯ ಆಲ್ಬಂನಲ್ಲಿ ನನ್ನ ಮುಖ ಹಲ್ಲು ಕಿರಿದುಕೊಂಡು ಕೂತಿದೆಯೋ ದೇವರೇ ಬಲ್ಲ. ನಮ್ಮ ಅಮ್ಮನನ್ನು ಮಣ್ಣು ಮಾಡಿ ಬಂದ ಮರುದಿನ ನಾನು ಕಪ್ಪು ಬಟ್ಟೆಯಲ್ಲಿ ಅಂಗಡಿ ತೆಗೆದಿದ್ದೆ. ನೀನು ಆವತ್ತೂ ಕಳಿಸಿದೆ. ಸರಗೋಸಾದ ಒಬ್ಬ ದಪ್ಪ ಮನುಷ್ಯ ಒಳಗೇ ನುಗ್ಗಿ, “ಇವ್ರೇನಾ ಹದಿಮೂರನೇದು? ಅಮ್ಮಾ, ಒಂದ್ಸಲ ಗರ್ಜಿಸಿಬಿಡಿ, ವಿಡಿಯೋ ತೆಗೀತೀನಿ” ಎಂದ. ನಾನು ಆವತ್ತೂ ನಕ್ಕೆ. ಸಂಜೆ ನಿನಗೆ ಇದನ್ನು ಹೇಳಿದಾಗ ನೀನು ಕೇಳಿದ್ದು ಒಂದೇ ಮಾತು: “ಏನಾದ್ರೂ ಕೊಂಡ್ಕೊಂಡ್ನಾ?” ಇದನ್ನು ನಾನು ನಿನಗೆ ಕ್ಷಮಿಸಿಲ್ಲ. ನೀನು ಬೇರೆ ಹೆಂಗಸಿನ ಜೊತೆ ಹೋದದ್ದನ್ನಾದರೂ ಒಂದು ದಿನ ಕ್ಷಮಿಸಿಯೇನು, ಈ ಮಾತನ್ನಲ್ಲ.

ನೀನು ಹೋದ ರೀತಿಯೂ ನಿನಗೆ ತಕ್ಕ ಹಾಗೆಯೇ ಇತ್ತು. ಬೇರೆ ಗಂಡಸರು ಮನೆಯಿಂದ ಹೋಗುತ್ತಾರೆ, ನೀನು ಟೂರಿನ ನಡುವಿನಿಂದ ಹೋದೆ. ಹೆನೆರಾಲಿಫೆ ತೋಟದಲ್ಲಿ, ಆ ಒಣಗಿದ ಸೈಪ್ರೆಸ್ ಮರದ ಹತ್ತಿರ, ಹದಿನಾಲ್ಕು ಜನರನ್ನು ಮರ ನೋಡುತ್ತಾ ನಿಲ್ಲಿಸಿ, ಹದಿನೈದನೆಯವಳ ಕೈ ಹಿಡಿದುಕೊಂಡು ಹಿಂದಿನ ದಾರಿಯಿಂದ ಕಾಲಿಗೆ ಬುದ್ಧಿ ಹೇಳಿದೆ. ಪಾಪ, ಅವರು ಬಿಸಿಲಲ್ಲಿ ಕಾದು ಕಾದು, ಬೇರೆ ದಾರಿ ಕಾಣದೆ, ನೀನು ಹೇಳಿದ್ದ ಗುರುತು ಹಿಡಿದು ನನ್ನ ಅಂಗಡಿಗೆ ಇಳಿದು ಬಂದರು. “ಹದಿಮೂರನೇ ಸಿಂಹ ನೀವೇ ತಾನೇ? ನಿಮ್ಮ ಗಂಡ ಎಲ್ಲಿ ಹೋದ್ರು? ನಮಗೆ ಅರ್ಧ ಟೂರ್ ಬಾಕಿ ಇದೆ.” ಗಂಡ ಬಿಟ್ಟು ಹೋದ ಸುದ್ದಿ ನನಗೆ ತಿಳಿದದ್ದು ಹಾಗೆ, ಗಿರಾಕಿಗಳ ದೂರಿನ ರೂಪದಲ್ಲಿ. ಅವರಿಗೆಲ್ಲ ನೀರು ಕೊಟ್ಟೆ. ಅವರು ಪೆಟ್ಟಿಗೆಗಳ ನಡುವೆ ಸಾವಿನ ಮನೆಗೆ ಬಂದವರ ಹಾಗೆ ತಲೆ ತಗ್ಗಿಸಿಕೊಂಡು ಕೂತರು. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಅತ್ತದ್ದು ನೀನು ಹೋದೆ ಎಂದಲ್ಲ, ಹೋಗುವಾಗಲೂ ನನ್ನನ್ನೇ ನಗೆಪಾಟಲು ಮಾಡಿ ಹೋದೆಯಲ್ಲ ಎಂದು. ಅಳು ಮುಗಿದ ಮೇಲೆ ಮುಖ ತೊಳೆದುಕೊಂಡು, ಇದನ್ನು ಹೀಗೆ ಬಿಡುವುದಿಲ್ಲ ಎಂದುಕೊಂಡೆ.

ಗೈಡ್ ಪರೀಕ್ಷೆಗೆ ಹೇಗೆ ಓದಿದೆ, ಮೊದಲ ಸಲ ಹೇಗೆ ಫೇಲಾದೆ, ಎರಡನೇ ಸಲ ಹೇಗೆ ಪಾಸಾದೆ ಎಂಬುದೆಲ್ಲ ನಿನಗೆ ಬೇಡ. ಕುತ್ತಿಗೆಗೆ ಬಿಲ್ಲೆ ಬಂತು. ನಿನ್ನ ದಾರಿಯಲ್ಲೇ, ನೀನು ನಿಲ್ಲುತ್ತಿದ್ದ ಕಲ್ಲುಗಳ ಮೇಲೇ ನಿಂತು ಹೇಳಲು ಶುರು ಮಾಡಿದೆ. ಮೊದಮೊದಲು ಸುಲ್ತಾನರನ್ನು ಬಿಟ್ಟು ಬೇರೆ ಮಾತಿರಲಿಲ್ಲ. ಒಂದು ದಿನ ಮಳೆ ಬಂತು. ಅಬೆನ್ಸೆರಾಹೆ ಮನೆತನದವರನ್ನು ಕೊಂದರು ಎನ್ನುವ ಹಜಾರದಲ್ಲಿ, ಕಾರಂಜಿ ಬಟ್ಟಲಿನ ಕೆಂಪು ಕಲೆಯ ಮುಂದೆ ನಿಂತಿದ್ದೆ. ನೀನು ಅಲ್ಲಿ ಏನು ಹೇಳುತ್ತಿದ್ದೆ, ನೆನಪಿದೆಯೇ? ಎದೆ ಮುಟ್ಟಿಕೊಂಡು, ಗಂಟಲು ಕಟ್ಟಿಸಿಕೊಂಡು, “ಇದು ನಮ್ಮ ವಂಶದವರ ರಕ್ತ” ಎನ್ನುತ್ತಿದ್ದೆ. ನಿಮ್ಮ ತಾತ ಅಲ್ಬೈಸಿನ್ ಕೇರಿಯಲ್ಲಿ ಬೇಯಿಸಿದ ಬಸವನಹುಳು ಮಾರುತ್ತಿದ್ದರು. ಮರ್ಯಾದಸ್ಥರು, ಬಸವನಹುಳುವೂ ರುಚಿಯಾಗಿತ್ತಂತೆ, ಅವರನ್ನು ಯಾಕೆ ಮುಚ್ಚಿಟ್ಟೆಯೋ. ಆವತ್ತು ನನ್ನ ಬಾಯಿಂದ ತಾನಾಗಿ ಬಂತು: “ಕೆಲವರು ಇದು ರಕ್ತ ಅಂತಾರೆ, ತಿಳಿದೋರು ಕಬ್ಬಿಣದ ತುಕ್ಕು ಅಂತಾರೆ. ನನಗೆ ಗೊತ್ತಿರೋ ಪ್ರಕಾರ ಇದು ನನ್ನ ಗಂಡ ತಲೆಗೂದಲಿಗೆ ಹಚ್ಕೋತಿದ್ದ ಬಣ್ಣ. ಮಳೇಲಿ ನೆನ್ಕೊಂಡು ಬಂದು ಇಲ್ಲಿ ಬಗ್ಗಿ ತನ್ನ ವಂಶದ ಕತೆ ಹೇಳ್ತಿದ್ದ, ವಂಶಾನೇ ಸೋರಿಹೋಯ್ತು. ಕಾಲರ್ ಒಗೆದೋಳು ನಾನು, ನನಗೆ ಗೊತ್ತಿಲ್ವಾ?”

ಆ ನಗು ಕೇಳಬೇಕಿತ್ತು ನೀನು. ಛಾವಣಿಯ ಜೇನುಗೂಡಿನಂಥ ಕೆತ್ತನೆಯವರೆಗೂ ಹೋಗಿ ವಾಪಸು ಬಂತು. ಅಲ್ಲಿಂದ ಮುಂದೆ ನಾನು ತಡೆಯಲಿಲ್ಲ. ನೀನು ನನ್ನನ್ನು ನಿಲ್ಲಿಸಿದ್ದ ಒಂದೊಂದು ಜಾಗದಿಂದಲೂ ನನ್ನನ್ನು ಎಬ್ಬಿಸಿ, ಅಲ್ಲಿ ನಿನ್ನನ್ನು ಕೂರಿಸಿದೆ. ಗೈಡುಗಳ ಬುದ್ಧಿ ನಿನಗೆ ಗೊತ್ತೇ ಇದೆ. ಪಕ್ಕದ ಗುಂಪು ನಕ್ಕರೆ ಸಾಕು, ಕಿವಿ ಅಲ್ಲೇ ಇರುತ್ತದೆ, ವಾರ ಕಳೆಯುವುದರಲ್ಲಿ ಆ ಮಾತು ಎಲ್ಲರ ಬಾಯಲ್ಲೂ ಇರುತ್ತದೆ, ಯಾರದ್ದು ಎಂದು ಯಾರೂ ಕೇಳುವುದಿಲ್ಲ. ನಿನ್ನ ಬಣ್ಣದ ಕತೆಯನ್ನು ಹೆನಾರೊ ಇಟಲಿಯವರಿಗೆ ಹೇಳುತ್ತಾನೆ, ನಿನ್ನ ಹೆಸರನ್ನು ಹಾಡಿನ ಹಾಗೆ ಎಳೆದು ಎಳೆದು. ಜಪಾನಿನವರ ಗೈಡು ಹೇಳುತ್ತಾಳೆ, ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಾರೆ. ಹೋದ ತಿಂಗಳು ಮ್ಯಾಡ್ರಿಡ್‌ನಿಂದ ಬಂದ ಹೊಸ ಹುಡುಗನೊಬ್ಬ ನನಗೇ ಹೇಳಿಕೊಟ್ಟ: “ಮೇಡಂ, ಎವಾರಿಸ್ತೊ ಅಂತ ಒಬ್ಬ ಇದ್ನಂತೆ, ನೂರು ವರ್ಷದ ಹಿಂದೆ.” ನಾನು ತಿದ್ದಲಿಲ್ಲ. ನೂರು ವರ್ಷದ ಹಿಂದಿನವನಾಗಿಬಿಟ್ಟೆ ನೀನು. ನಾವಿಬ್ಬರೂ ಸತ್ತ ಮೇಲೂ ಈ ಊರಿನಲ್ಲಿ ಮಳೆ ಬಂದಾಗಲೆಲ್ಲ ನಿನ್ನ ಬಣ್ಣ ಸೋರುತ್ತಲೇ ಇರುತ್ತದೆ. ಇದನ್ನು ಬರೆಯುವಾಗ ನನಗೆ ಎಷ್ಟು ಹಿತವಾಗುತ್ತಿದೆ ಎಂದರೆ, ಕಾಫಿ ಆರಿದ್ದೂ ಗೊತ್ತಾಗಲಿಲ್ಲ.

ಈಗ ಮೀಸೆಯ ವಿಷಯ. ಮಂಗಳವಾರ ನನ್ನ ಗುಂಪಿನಲ್ಲಿ ಕಪ್ಪು ಕನ್ನಡಕ, ಮೀನುಗಾರರ ಟೋಪಿ, ಕುತ್ತಿಗೆಗೆ ಮೂಗಿನವರೆಗೂ ಮಫ್ಲರ್ ಸುತ್ತಿಕೊಂಡ ಒಬ್ಬ ಮನುಷ್ಯ ಇದ್ದ. ಮೊದಲಿಗೆ ನಾನು ಗಮನಿಸಲಿಲ್ಲ. ಚಳಿಗೆ ಎಲ್ಲರೂ ಹಾಗೇ ಬರುತ್ತಾರೆ. ನನ್ನ ಮೈಕಿನ ಮಾತು ಕೇಳಿಸುವ, ಕಿವಿಗೆ ಹಾಕಿಕೊಳ್ಳುವ ಯಂತ್ರವನ್ನು ನಾನೇ ನಿನ್ನ ಕೈಗೆ ಕೊಟ್ಟೆ, ಆಗಲೂ ಗೊತ್ತಾಗಲಿಲ್ಲ. ಅರಮನೆಯ ಮೊದಲ ಹಜಾರಕ್ಕೆ ಕಾಲಿಟ್ಟಾಗ ಎಲ್ಲರ ಮುಖ ಛಾವಣಿಯ ಕಡೆ ಎದ್ದಿತು, ಎಲ್ಲರೂ ಆ ಜಾಗದಲ್ಲಿ ಮಾಡುವುದು ಅದನ್ನೇ. ಆದರೆ ಒಬ್ಬ ಮಾತ್ರ ಛಾವಣಿ ನೋಡದೆ ಬಾಗಿಲ ಪಕ್ಕ ನಿಂತು, ಮಫ್ಲರ್ ಕೆಳಗಿಳಿಸಿ, ಗದ್ದದಿಂದ ಒಬ್ಬೊಬ್ಬರನ್ನೇ ಮುಟ್ಟುವ ಹಾಗೆ ತಲೆ ಎಣಿಸುತ್ತಿದ್ದ. ಬಿಲ್ಬಾವೊದ ಟೀಚರಮ್ಮ ಒಬ್ಬರು ಹಿಂದೆ ಉಳಿದಿದ್ದರು. ಒಂದು ತಲೆ ಕಡಿಮೆ ಬಂದಾಗ ಅವನು ನಾಲಿಗೆಯಲ್ಲಿ ‘ಚ್’ ಎಂದ. ಟಿಕೆಟ್ ತೆಗೆದುಕೊಂಡು ಬಂದ ಯಾವ ಮನುಷ್ಯ ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಾನೆ, ಎವಾರಿಸ್ತೊ? ಮೀಸೆ ಬೋಳಿಸಿಕೊಂಡೆ, ಆ ಗದ್ದವನ್ನು ಏನು ಮಾಡುತ್ತೀಯ?

ನಾನು ಬೆದರಿದೆ, ಅದನ್ನು ಮುಚ್ಚಿಡುವುದಿಲ್ಲ. ಮೈಕ್ ಕಾಲರಿಗೇ ಸಿಕ್ಕಿಸಿಕೊಂಡಿದ್ದೆ, ನನ್ನ ಉಸಿರು ಏರಿದ್ದು ಎಲ್ಲರ ಕಿವಿಯಲ್ಲೂ ಕೇಳಿರಬೇಕು, ನಿನ್ನ ಕಿವಿಯಲ್ಲೂ. ಒಂದು ಕ್ಷಣ ಸುಲ್ತಾನರ ಹೆಸರು ಒಂದೂ ನೆನಪಿಗೆ ಬರಲಿಲ್ಲ. ಆಮೇಲೆ ತಿಳಿಯಿತು: ನೀನು ಗುಟ್ಟಾಗಿ ಬಂದಿರುವುದು ನನ್ನನ್ನು ನೋಡಲು ಅಲ್ಲ, ನಿನ್ನ ಕೆಲಸವನ್ನು ನೋಡಲು. ಎಷ್ಟು ಕೆಟ್ಟದಾಗಿ ಹೇಳುತ್ತಾಳೆ, ಎಷ್ಟು ಬೇಗ ಕಿತ್ತುಕೊಳ್ಳಬಹುದು ಎಂದು ಅಳತೆ ತೆಗೆದುಕೊಳ್ಳಲು. ಆಗ ಮೈಕ್ ಸರಿಮಾಡಿಕೊಂಡೆ. ಇನ್ನೊಂದು ವಿಷಯವೂ ಹೊಳೆಯಿತು. ಮೈಕ್ ನನ್ನ ಹತ್ತಿರ ಇದೆ, ನಿನ್ನ ಹತ್ತಿರ ಇರುವುದು ಕಿವಿ ಮಾತ್ರ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಮೊದಲ ಸಲ ನೀನು ಬಾಯಿ ಮುಚ್ಚಿಕೊಂಡು ನನ್ನ ಮಾತು ಕೇಳಲೇಬೇಕಿತ್ತು. ಕಿವಿಯಿಂದ ಅದನ್ನು ಕಿತ್ತು ಎಸೆಯಬಹುದಿತ್ತು, ಆದರೆ ಎಸೆದರೆ ಸಿಕ್ಕಿಬೀಳುತ್ತಿದ್ದೆ.

ಆವತ್ತಿನ ಹಾಗೆ ನಾನು ಹಿಂದೆ ಎಂದೂ ಹೇಳಿಲ್ಲ, ಮುಂದೆಯೂ ಹೇಳಲಾರೆ. ಸಿಂಹಗಳ ಅಂಗಳದಲ್ಲಿ ಹೇಳಿದೆ: “ನನ್ನ ಗಂಡ ಇಲ್ಲಿ ನಿಂತು, ಹದಿಮೂರನೇ ಸಿಂಹ ನಮ್ಮನೇಲಿದೆ ಅಂತಿದ್ದ. ಹನ್ನೆರಡೂ ಇಲ್ಲೇ ಇವೆ, ಎಣಿಸ್ಕೊಳ್ಳಿ. ಹದಿಮೂರನೇದೂ ಊರಲ್ಲೇ ಇದೆ, ನಿಮ್ಮ ಮುಂದೆ ನಿಂತಿದೆ. ಓಡಿಹೋಗಿದ್ದು ಸಿಂಹ ಅಲ್ಲ ರೀ, ಬೇರೆ ಪ್ರಾಣಿ.” ಟೀಚರಮ್ಮ ನಿನ್ನ ಪಕ್ಕದಲ್ಲೇ ಇದ್ದರು, ನಗುತ್ತಾ ನಿನ್ನ ಭುಜಕ್ಕೆ ಒಂದು ಏಟು ಕೊಟ್ಟು, “ಬಡ್ಡೀಮಗಂಗೆ ಹಾಗೇ ಆಗ್ಬೇಕು, ಅಲ್ವೇನ್ರೀ?” ಎಂದು ಕೇಳಿದರು. ನೀನು ತಲೆ ಆಡಿಸಿದೆ. ನಾನು ನೋಡಿದೆ. ಹಜಾರದಲ್ಲಿ ಬಟ್ಟಲಿನ ಮುಂದೆ ಬಣ್ಣದ ಕತೆ ಹೇಳುವಾಗ ನಿನ್ನ ಕೈ ಟೋಪಿಯ ಅಂಚಿಗೆ ಹೋಯಿತು. ಅದನ್ನೂ ನೋಡಿದೆ. ಅಮ್ಮನನ್ನು ಮಣ್ಣು ಮಾಡಿದ ಮರುದಿನದ ಕತೆಯನ್ನು ನಾನು ಟೂರಿನಲ್ಲಿ ಹೇಳುವುದಿಲ್ಲ, ಅದು ನಗಿಸುವುದಕ್ಕಲ್ಲ. ಆವತ್ತು ಮಾತ್ರ ಹೇಳಿದೆ. ಕೊಳದ ಪಕ್ಕ, ಕಾಲರಿನಿಂದ ಮೈಕ್ ಬಿಚ್ಚಿ ಬಾಯಿಗೆ ತಾಗುವಷ್ಟು ಹತ್ತಿರ ಹಿಡಿದು, ಮೆಲ್ಲಗೆ. “ಏನಾದ್ರೂ ಕೊಂಡ್ಕೊಂಡ್ನಾ?” ಎಂಬಲ್ಲಿಗೆ ಬಂದಾಗ ಯಾರೂ ನಗಲಿಲ್ಲ. ನೀನು ಕಾಲಿನ ಕೆಳಗಿನ ಕಲ್ಲು ನೋಡುತ್ತಿದ್ದೆ. ನನಗೆ ಅಯ್ಯೋ ಅನ್ನಿಸಲಿಲ್ಲ. ಅನ್ನಿಸಬಹುದು ಎಂದು ಸ್ವಲ್ಪ ಹೊತ್ತು ಕಾದೆ, ಅನ್ನಿಸಲಿಲ್ಲ.

ಕೊನೆಗೆ ಸೈಪ್ರೆಸ್ ಮರದ ಹತ್ತಿರ ಬಂದೆವು. ಅಲ್ಲಿ ನೀನು ಓಡಿಹೋದ ಕತೆಯೇ ಟೂರಿನ ಮುಕ್ತಾಯ. ಹೇಳಿ ಮುಗಿಸಿದೆ. ಯಾವಾಗಲೂ ಯಾರಾದರೂ ಕೇಳುವ ಪ್ರಶ್ನೆಯನ್ನೇ ಟೀಚರಮ್ಮ ಕೇಳಿದರು. “ಆಮೇಲೆ ಬಂದ್ನಾ ಅವ್ನು?” ನಾನು ನಿನ್ನ ಕಡೆ ನೋಡಲಿಲ್ಲ. ಮರದ ಕಡೆ ನೋಡುತ್ತಾ ಹೇಳಿದೆ: “ಮೂವತ್ತು ಜನರನ್ನ ನಡುದಾರೀಲಿ ಬಿಟ್ಟು ಹೋದೋನಿಗೆ ವಾಪಸ್ ಬರೋಕೆ ಮುಖ ಎಲ್ಲಿರತ್ತೆ?” ಹಿಂದಿನಿಂದ ಒಂದು ದನಿ ಬಂತು, ಕೆಮ್ಮಿನಲ್ಲಿ ಒಡೆದ ದನಿ: “ಹದಿನಾಲ್ಕು. ಹದಿನಾಲ್ಕೇ ಜನ ಇದ್ದದ್ದು.”

ಬೇಕೆಂದೇ ಮೂವತ್ತು ಎಂದಿದ್ದೆ ಕಣೋ. ನೀನು ಹೆಂಡತಿಯ ಮರ್ಯಾದೆ ಹೋದರೂ ಸುಮ್ಮನಿರುವವನು, ವಂಶದ ಮರ್ಯಾದೆ ಹೋದರೂ ತಡೆದುಕೊಂಡೆ, ಆದರೆ ತಲೆ ಎಣಿಕೆ ತಪ್ಪಿದರೆ ಸುಮ್ಮನಿರಲಾರೆ ಎಂದು ನನಗೆ ಗೊತ್ತಿತ್ತು. ಎಲ್ಲರೂ ತಿರುಗಿದರು. ಮೊದಲು ಅರ್ಥವಾದದ್ದು ಟೀಚರಮ್ಮನಿಗೆ. “ಅಯ್ಯೋ ನನ್ನ ದೇವ್ರೇ, ಇವ್ರೇನಾ? ನಾನು ಬೆಳಿಗ್ಗೆಯಿಂದ ಇವ್ರ ಜೊತೆ ಬಿಸ್ಕತ್ತು ಹಂಚ್ಕೊಂಡು ತಿಂತಿದೀನಲ್ಲ!” ಅಲ್ಲಿಂದ ಮುಂದೆ ನಡೆದದ್ದು ನಿನಗೇ ಗೊತ್ತಿದೆ, ಆದರೆ ನನ್ನ ಸಂತೋಷಕ್ಕೆ ಇನ್ನೊಂದು ಸಲ ಬರೆಯುತ್ತೇನೆ. ಅವರು ನಿನಗೆ ಬೈಯಲಿಲ್ಲ. ಬೈದಿದ್ದರೆ ನೀನು ಉತ್ತರ ಕೊಡುತ್ತಿದ್ದೆ. ನಿನ್ನ ಜೊತೆ ಫೋಟೋ ತೆಗೆಸಿಕೊಂಡರು. ಸಾಲಾಗಿ ನಿಂತು, ಒಬ್ಬೊಬ್ಬರೇ. “ಟೋಪಿ ತೆಗೀರಿ ಸಾರ್, ಬಣ್ಣ ಕಾಣ್ಲಿ.” “ಸ್ವಲ್ಪ ಓಡೋ ಥರಾ ನಿಂತ್ಕೊಳ್ಳಿ.” ನೀನು ನಕ್ಕೆ. ಆ ನಗು ನನಗೆ ಚೆನ್ನಾಗಿ ಗೊತ್ತು, ಎವಾರಿಸ್ತೊ, ಅದನ್ನು ನಾನು ವರ್ಷಗಟ್ಟಲೆ ಸ್ಟೂಲಿನ ಮೇಲೆ ಕೂತು ನಕ್ಕಿದ್ದೇನೆ. ಕೆನ್ನೆ ಹೇಗೆ ನೋಯುತ್ತದೆ ಎಂಬುದು ಈಗ ನಿನಗೂ ಗೊತ್ತಾಯಿತು.

ಆಮೇಲೆ ನೀನು ಹೊರಟುಬಿಟ್ಟೆ, ಕಿವಿಯಲ್ಲಿ ಯಂತ್ರ ಹಾಗೇ ಇತ್ತು. ನಾನು ಮೈಕಿನಲ್ಲಿ, “ಮೆಟ್ಟಿಲು ಒದ್ದೆ ಇದೆ, ನೋಡ್ಕೊಂಡು ನಡಿ” ಎಂದೆ. ನೀನು ನಿಂತು ತಿರುಗಿದೆ. ಅದರಲ್ಲಿ ಏನೋ ಕೇಳಿಸಿಕೊಂಡವನ ಹಾಗೆ ನಿನ್ನ ಮುಖ ಆಯಿತು. ಅದಕ್ಕೇ ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ: ಆ ಮಾತನ್ನು ನಾನು ಆ ಮೆಟ್ಟಿಲ ಹತ್ತಿರ ದಿನಾ ಎಲ್ಲರಿಗೂ ಹೇಳುತ್ತೇನೆ. ಅಭ್ಯಾಸ. ಅದರ ಮೇಲೆ ಮನೆ ಕಟ್ಟಬೇಡ.

ಈಗ ಕಾಸಿಲ್ದಾಳ ಪ್ರಶ್ನೆಗೆ ಉತ್ತರ. ಮನೆಗೆ ಬರುವುದು ಬೇಡ. ಪವಿತ್ರ ವಾರಕ್ಕೂ ಬೇಡ, ಅದರ ಮುಂದಿನ ವಾರಕ್ಕೂ ಬೇಡ. ಬೀಗ ಬದಲಾಯಿಸಿದ್ದೇನೆ, ನಿನ್ನ ಕಡೆಯ ಹಾಸಿಗೆಯ ಮೇಲೆ ನನ್ನ ಪುಸ್ತಕಗಳಿವೆ, ಅವು ಗೊರಕೆ ಹೊಡೆಯುವುದಿಲ್ಲ. ಗೈಡ್ ಕೆಲಸ ವಾಪಸು ಕೊಡುವ ಮಾತಂತೂ ಎತ್ತಲೇಬೇಡ. ಅದು ನೀನು ಸೈಪ್ರೆಸ್ ಮರದ ಹತ್ತಿರ ಬಿಸಾಕಿ ಹೋದದ್ದು. ನಾನು ಎತ್ತಿಕೊಂಡೆ, ಒರೆಸಿಕೊಂಡೆ, ಈಗ ನನ್ನದು. ನನಗೆ ಸುಸ್ತಾಗಿಲ್ಲ. ಸಾಯಂಕಾಲ ಇಳಿದು ಬರುವಾಗ ಹಳೇ ಅಂಗಡಿಯ ಮುಂದೆ ಬೇಕೆಂದೇ ನಿಧಾನವಾಗಿ ನಡೆಯುತ್ತೇನೆ, ಯಾರೂ ಇಣುಕುವುದಿಲ್ಲ.

ಕಾಸಿಲ್ದಾಗೂ ಅವಳ ಮಕ್ಕಳಿಗೂ ನನ್ನ ಮುತ್ತುಗಳು. ನಮ್ಮೂರನ್ನು ಕಾಯುವ ಆಂಗುಸ್ತಿಯಾಸ್ ಮಾತೆ ಅವರನ್ನೆಲ್ಲ ಚೆನ್ನಾಗಿಟ್ಟಿರಲಿ. ನಿನ್ನನ್ನೂ ಇಟ್ಟಿರಲಿ, ನಾನು ಕೇಳಿಕೊಂಡೆ ಎಂದು ಮಾತ್ರ ಕಾಸಿಲ್ದಾಗೆ ಹೇಳಬೇಡ.

ಸದ್ಯಕ್ಕೆ ಕಾಗದಪತ್ರದ ಮಟ್ಟಿಗೆ ಮಾತ್ರ ನಿನ್ನ ಹೆಂಡತಿ,
ರೆಮೆದಿಯೊಸ್

ಮರೆತಿದ್ದೆ: ಹೆನಾರೊ ಪೋಸ್ಟ್ ಡಬ್ಬಿಗೆ ಹಾಕುತ್ತೇನೆ ಎಂದು ಬಾಗಿಲಲ್ಲೇ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಏಪ್ರಿಲ್‌ನಿಂದ ಟೂರ್ ಕಂಪನಿಯವರು ನನಗೆ ದೊಡ್ಡ ಗುಂಪುಗಳನ್ನು ಕೊಡುತ್ತಿದ್ದಾರೆ. ಹಿಂದೆ ನಡೆದು ಬರಲು, ಉಳಿದುಹೋದವರನ್ನು ಸೇರಿಸಿಕೊಂಡು ಬರಲು ಒಬ್ಬ ಆಳು ಬೇಕಂತೆ, ಯಾರನ್ನಾದರೂ ಹೇಳು ಎಂದರು. ನಿನ್ನ ಹೆಸರು ಹೇಳಿದ್ದೇನೆ. ಸಂಬಳ ಕಡಿಮೆ, ಮೊತ್ರಿಲ್ ಬಸ್ಸಿನ ಖರ್ಚು ನಿನ್ನದೇ. ಕತೆಗಳು ಈಗಿರುವ ಹಾಗೇ ಇರುತ್ತವೆ, ಕೊನೆಯಲ್ಲಿ ನಾನು ಕೈ ತೋರಿಸಿದಾಗ ಟೋಪಿ ತೆಗೆದು ಜನರಿಗೆ ವಂದಿಸಬೇಕು. ಹದಿನಾಲ್ಕೋ ಮೂವತ್ತೋ, ನಾನು ಹೇಳಿದ್ದೇ ಲೆಕ್ಕ. ಒಪ್ಪಿಗೆಯಿದ್ದರೆ ಒಂದನೇ ತಾರೀಕು ಬೆಳಿಗ್ಗೆ ನ್ಯಾಯದ ಬಾಗಿಲ ಹತ್ತಿರ ಬಾ, ಹಿಂದೆ ನಿಂತುಕೋ. ಹಿಂದೆ ನಡೆಯುವವನಿಗೆ ಮೈಕ್ ಕೊಡುವುದಿಲ್ಲ.